ಕುಂಟಾಲದ ಗೆಲ್ಲು

"ಆ ಸೊಪ್ಪು ಇಟ್ಟದ್ದು ನಾನಲ್ಲ ಅಂತ ಪ್ರಾಣ ಹೋಗುವ ಹೊತ್ತಿಗೂ ಹೇಳಿದ್ರಂತೆ ಗುಲಾಬಿಯಕ್ಕ, ಮಾಮಿ. ಬೇರೆ ಎಂತದೂ ಇಲ್ಲವಂತೆ. ಮಗಳ ಹೆಸರಿಲ್ಲ, ದೇವರ ಹೆಸರಿಲ್ಲ. ಅದೊಂದೇ ಮಾತು."

ಶರ್ಮಿಳಾ ಹಿಂದಿನಿಂದ ಹೇಳಿದಳು. ಅಮ್ಮಣ್ಣಿ ತಿರುಗಿ ನೋಡಲಿಲ್ಲ. ದಾರಿಗೆ ಅಡ್ಡ ಬಿದ್ದಿದ್ದ ಗೇರಿನ ಕೊಂಬೆಯನ್ನು ಕಾಲಿನಿಂದ ಬದಿಗೆ ಸರಿಸಿ, ಸೀರೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೂ ನಾಲ್ಕು ಹೆಜ್ಜೆ ಏರಿದ ಮೇಲೆ ಕೇಳಿದಳು: "ಯಾರು ಹೇಳಿದ್ದು ನಿನಗೆ?"

"ಕಾವ್ಯ. ಗುಲಾಬಿಯಕ್ಕನ ಮಗಳು. ಉತ್ತರಕ್ರಿಯೆಗೆ, ಬೊಜ್ಜದ ಊಟಕ್ಕೆ ಹೋಗಿದ್ದೆನಲ್ಲ ನಾನು, ಬಡಿಸುವುದನ್ನು ಬಿಟ್ಟು ಬಂದು ನನ್ನ ಕೈ ಹಿಡಿದು ಹೇಳಿದಳು. ನೀವೂ ಬರಬೇಕಿತ್ತು. ಮೊಣಗಂಟು ನೋವು ಅಂತ ಮಲಗಿದ್ರಿ. ಇವತ್ತು ನೋಡಿದ್ರೆ ನಿಮ್ಮ ಹಿಂದೆ ಓಡ್ಲಿಕ್ಕೆ ನನಗೇ ಆಗುವುದಿಲ್ಲ."

"ನೋವು ದಿನಾ ಒಂದೇ ನಮೂನೆ ಇರ್ತದಾ ಮಾರಾಯ್ತಿ? ಗುಡ್ಡೆ ಹತ್ತುವಾಗ ಬಾಯಿ ಮುಚ್ಚಿ ಹತ್ತಬೇಕು. ಇಲ್ಲದಿದ್ರೆ ಉಸಿರು ಸಾಕಾಗುವುದಿಲ್ಲ."

ಶರ್ಮಿಳಾ ಬಾಯಿ ಮುಚ್ಚಿದಳು. ಆದರೆ ಹೇಳಿದ ಮಾತು ಬಾಯಿ ಮುಚ್ಚಿದ ಕೂಡಲೇ ಹೋಗಿಬಿಡುತ್ತದೆಯೇ? ಅದು ಇಬ್ಬರ ನಡುವೆ ಮೂರನೆಯವಳ ಹಾಗೆ ಗುಡ್ಡೆ ಹತ್ತುತ್ತಲೇ ಇತ್ತು.

ಕಾರ್ತಿಕ ಮುಗಿಯುತ್ತ ಬಂದಿದ್ದರೂ ಆಕಾಶ ತೆರೆದಿರಲಿಲ್ಲ. ಸಮುದ್ರದಲ್ಲಿ ಎಲ್ಲೋ ವಾಯುಭಾರ ಕುಸಿತವಂತೆ. ಮೂರು ದಿನದಿಂದ ಬೂದಿ ಬಣ್ಣದ ಮೋಡ, ಮಳೆಯೂ ಇಲ್ಲ, ಬಿಸಿಲೂ ಇಲ್ಲ. ಕಾಪು ಪಡುವಿನ ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟವರು ಹೆದ್ದಾರಿ ದಾಟಿ, ಮಜೂರಿನ ಗದ್ದೆಗಳ ಹುಣಿಯ ಮೇಲೆ ನಡೆದು, ಈಗ ಮುಳಿಗುಡ್ಡೆಯ ಅರ್ಧಕ್ಕೆ ಬಂದಿದ್ದರು. ತಿರುಗಿ ನೋಡಿದರೆ ಕಾಪುವಿನ ದೀಪಸ್ತಂಭ ನೆಲಕ್ಕೆ ಹೊಡೆದ ಗೂಟದಷ್ಟು ಕಾಣುತ್ತಿತ್ತು. ಅದರಾಚೆ ಸಮುದ್ರಕ್ಕೂ ಮೋಡಕ್ಕೂ ಗೆರೆಯೇ ಇರಲಿಲ್ಲ.

ಶರ್ಮಿಳಾ ಮಣಿಪಾಲದಲ್ಲಿ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿಯ ಕೆಲವರು ಸೇರಿ ಭಾನುವಾರ ಭಾನುವಾರ ನಡೆಯುತ್ತಾರೆ. ಡಾಕ್ಟರು, ಬ್ಯಾಂಕಿನವರು, ಕಾಲೇಜಿನವರು, ಹದಿನೈದು ಇಪ್ಪತ್ತು ಜನ. ಒಂದು ವಾರ ಕಾರ್ಕಳದ ಬಂಡೆಗಳ ಕಡೆ, ಇನ್ನೊಂದು ವಾರ ಹೂಡೆಯ ಮರಳ ದಂಡೆಯಲ್ಲಿ, ಮತ್ತೊಂದು ವಾರ ಯಾವುದೋ ಬೈಲು, ಯಾವುದೋ ಗುಡ್ಡೆ. ಮೊದಲ ಸಲ ಇದನ್ನು ಕೇಳಿದಾಗ ಅಮ್ಮಣ್ಣಿಗೆ ನಗು ತಡೆಯಲಾಗಿರಲಿಲ್ಲ. "ತಲೆ ಮೇಲೆ ಎಂತದೂ ಇಲ್ಲದೆ ಅಷ್ಟು ದೂರ ಯಾಕೆ ನಡೀತಾರೆ ಮಗಾ? ಆಚೆ ಕೊನೆಯಲ್ಲಿ ಎಂತ ಸಿಗ್ತದೆ?" ಎಂದು ಕೇಳಿದ್ದಳು. "ಎಂತ ಸಿಗುವುದಿಲ್ಲ ಮಾಮಿ, ತಿರುಗಿ ಬರುವುದು," ಎಂದಿದ್ದಳು ಶರ್ಮಿಳಾ. "ಹಾಗಾದ್ರೆ ಅವರಿಗೆ ಲೂಸು," ಎಂದು ಅಮ್ಮಣ್ಣಿ ತೀರ್ಪು ಕೊಟ್ಟಿದ್ದಳು.

ಈಗ ಆ ಲೂಸುಗಳಿಗೆ ಮೀನಿನ ಹೆಂಗಸರ ಹಳೆಯ ದಾರಿಯಲ್ಲಿ ನಡೆಯಬೇಕಂತೆ. ಮುಂದಿನ ತಿಂಗಳು. ದಾರಿ ಬಲ್ಲವರು ಯಾರು? ಅಮ್ಮಣ್ಣಿ. ಮೂರು ವರ್ಷದಿಂದ ಶರ್ಮಿಳಾ ಕೇಳುತ್ತಿದ್ದಳು, ಮೂರು ವರ್ಷದಿಂದ ಅಮ್ಮಣ್ಣಿ ಒಂದಲ್ಲ ಒಂದು ನೆವ ಹೇಳುತ್ತಿದ್ದಳು. ಮೊಣಗಂಟು, ಸೆಕೆ, ಹಾವು, ದಾರಿ ಮುಚ್ಚಿದೆ, ಆ ಗುಡ್ಡೆಯಲ್ಲಿ ಚಿರತೆ ಉಂಟಂತೆ. ಗುಲಾಬಿ ಸತ್ತ ಮೇಲೆ ಶರ್ಮಿಳಾ ಕೇಳಲಿಲ್ಲ. "ಭಾನುವಾರ ಹೋಗುವ," ಅಂದಳು, ಅಷ್ಟೆ. ಇಲ್ಲ ಎನ್ನಲಿಕ್ಕೂ ಒಂದು ಕಾರಣ ಬೇಕಲ್ಲ. ಅಮ್ಮಣ್ಣಿಯ ಕಾರಣಗಳೆಲ್ಲ ಮುಗಿದಿದ್ದವು.

ಶರ್ಮಿಳಾ ಅವಳ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಗಂಡ ಕಿಟ್ಟನ ತಂಗಿ ಅಪ್ಪಿಯ ಮಗಳು. ಆರು ವರ್ಷದವಳಿದ್ದಾಗ ತಾಯಿ ಹೋದಳು. ಅಂದಿನಿಂದ ಜಡೆ ಹಾಕಿದ್ದು, ಶಾಲೆಗೆ ಕಳಿಸಿದ್ದು, ಮುಳ್ಳು ತೆಗೆದು ಮೀನು ಬಾಯಿಗಿಟ್ಟದ್ದು ಎಲ್ಲ ಅಮ್ಮಣ್ಣಿ. ತನ್ನ ಇಬ್ಬರು ಗಂಡುಮಕ್ಕಳಿಗೂ ಹಾಗೆ ಮಾಡಿದವಳಲ್ಲ. ಊರವರು ಹೊಗಳುತ್ತಿದ್ದರು. ಹೊಗಳಿದಾಗಲೆಲ್ಲ ಅವಳು ಏನಾದರೊಂದು ಕೆಲಸ ನೆನಪಾದವಳಂತೆ ಒಳಗೆ ಹೋಗುತ್ತಿದ್ದಳು.

ಗುಡ್ಡೆಯ ನೆತ್ತಿ ಹತ್ತಿರವಾದಂತೆ ಮರಗಳು ಕಡಿಮೆಯಾಗಿ, ಹಳದಿಗೆ ತಿರುಗಿದ ಮುಳಿಹುಲ್ಲು ಸೊಂಟದವರೆಗೆ ಎದ್ದಿತ್ತು. ಬಲಗಡೆ ಮೊದಲು ಗುಡ್ಡೆಯಿದ್ದ ಜಾಗದಲ್ಲಿ ಕಲ್ಲಿನ ಕೋರೆ. ಕೆಂಪುಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದು ತೆಗೆದ ಹೊಂಡದಲ್ಲಿ ಹಸಿರು ನೀರು ನಿಂತಿತ್ತು.

"ನಾನೊಂದು ಮಾಡಿದ್ದೆ, ನಿಮಗೆ ಗೊತ್ತುಂಟಾ?" ಶರ್ಮಿಳಾ ಮತ್ತೆ ಸುರು ಮಾಡಿದಳು. "ನಾಲ್ಕನೇ ಕ್ಲಾಸಿನಲ್ಲಿರುವಾಗ. ಕಾಪು ಪೇಟೆಯಲ್ಲಿ ಗುಲಾಬಿಯಕ್ಕ ಮೀನು ಇಟ್ಟು ಕೂತಿದ್ರು. ನಾನು ಎರಡು ಮುಷ್ಟಿ ಮರಳು ತಂದು ಅವರ ಬುಟ್ಟಿಗೆ ಹಾಕಿದೆ. 'ನನ್ನ ಅಮ್ಮನನ್ನು ಕೊಂದವಳು' ಅಂತ ಹೇಳಿ ಓಡಿದೆ."

"ಸಣ್ಣ ಮಕ್ಕಳು."

"ಅವರು ಬೈಲಿಲ್ಲ ಮಾಮಿ. ಒಂದೊಂದೇ ಬೂತಾಯಿ ತೆಗೆದು ಸೆರಗಿನಲ್ಲಿ ಒರಸ್ತಾ ಕೂತ್ರು. ಮೊನ್ನೆ ಕಾವ್ಯ ಕೈ ಹಿಡಿದಾಗ ನನಗೆ ಅದೇ ಕಂಡದ್ದು."

ಅಮ್ಮಣ್ಣಿಗೆ ಗೊತ್ತಿತ್ತು. ಆ ದಿನ ಆ ಸಾಲಿನಲ್ಲೇ, ನಾಲ್ಕು ಬುಟ್ಟಿ ಆಚೆ ಅವಳೂ ಕೂತಿದ್ದಳು. ಉಳಿದ ಹೆಂಗಸರು ನಕ್ಕಿದ್ದರು. ಗುಲಾಬಿ ತಲೆ ಎತ್ತಿ ಯಾರನ್ನೂ ನೋಡದೆ ಅಮ್ಮಣ್ಣಿಯನ್ನು ಮಾತ್ರ ನೋಡಿದ್ದಳು. ಅಮ್ಮಣ್ಣಿ ಗಿರಾಕಿಯಿಲ್ಲದಿದ್ದರೂ "ಬಂಗುಡೆ, ತಾಜಾ ಬಂಗುಡೆ" ಎಂದು ಕೂಗಿದ್ದಳು.

ನೆತ್ತಿಯಲ್ಲಿ ಕಟ್ಟೆ ಕಂಡಿತು.

ಕಟ್ಟೆಯೆಂದರೆ ಕೂರುವ ಕಟ್ಟೆಯಲ್ಲ. ಆಳೆತ್ತರಕ್ಕೆ ಸ್ವಲ್ಪ ಕಡಿಮೆಯಾಗಿ ನಿಲ್ಲಿಸಿದ ಎರಡು ಕಲ್ಲು, ಅವುಗಳ ಮೇಲೆ ಅಡ್ಡ ಒಂದು ಚಪ್ಪಡಿ. ತಲೆಹೊರೆ ಹೊತ್ತವರು ಬಗ್ಗದೆ, ಇನ್ನೊಬ್ಬರ ಕೈ ಕೇಳದೆ, ಹಾಗೆಯೇ ಹೊರೆಯನ್ನು ಅದರ ಮೇಲೆ ಜಾರಿಸಿ ಉಸಿರು ಬಿಡಬಹುದು. ಯಾವ ಕಾಲದಲ್ಲಿ ಯಾರು ನಿಲ್ಲಿಸಿದರೋ. ಪಡುವಿನ ಹೆಂಗಸರಿಗೆ ಅದು ಬರೀ ಹೊರೆ ಇಳಿಸುವ ಜಾಗವಾಗಿರಲಿಲ್ಲ. ಬೆಳಿಗ್ಗೆ ಜೊತೆಯಾಗಿ ಬಂದವರು ಕಟ್ಟೆ ದಾಟಿದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆಯ ಮನೆಗಳಿಗೆ ಚದುರುತ್ತಿದ್ದರು. ತಿರುಗಿ ಬರುವಾಗ ಮತ್ತೆ ಕಟ್ಟೆಯಲ್ಲಿ ಕೂಡುವುದು. ಮೊದಲು ಬಂದವಳು ಕಾಯಬೇಕು. ಕಾಯಲಿಕ್ಕೆ ಆಗದಿದ್ದರೆ ಪಕ್ಕದ ಕುಂಟಾಲದ ಗಿಡದಿಂದ ಸೊಪ್ಪಿರುವ ಒಂದು ಗೆಲ್ಲು ಮುರಿದು, ತುದಿ ಪಡುವಣಕ್ಕೆ ಮಾಡಿ ಚಪ್ಪಡಿಯ ಮೇಲಿಟ್ಟು, ಅದರ ಮೇಲೊಂದು ಕಲ್ಲು ಹೇರಿ ಹೋಗಬೇಕು. ನಾನು ದಾಟಿದ್ದೇನೆ, ನೀನು ಕಾಯಬೇಡ ಎಂದು ಅರ್ಥ. ಅಕ್ಷರ ಬಾರದವರ ಚೀಟಿ ಅದು. ಆ ಚೀಟಿಯಲ್ಲಿ ಯಾರೂ ಸುಳ್ಳು ಬರೆಯುತ್ತಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಮೀನು ಕಾಯುವುದಿಲ್ಲ. ಜೊತೆಯವಳು ದಾರಿಯಲ್ಲಿ ಕೂತುಬಿಟ್ಟರೆ ಅವಳ ಮೀನನ್ನೂ ನಿನ್ನ ಬುಟ್ಟಿಗೆ ಹಾಕಿಕೊಂಡು ನಡೆ. ತಿರುಗಿ ಬರುವಾಗ ಅವಳನ್ನು ಕರೆದುಕೊಂಡು ಬಾ.

ಮೂವತ್ತೆರಡು ವರ್ಷದ ಹಿಂದೆ, ಜನವರಿಯ ಒಂದು ದಿನ, ಅಪ್ಪಿ ಈ ಕಟ್ಟೆಯ ಬುಡದಲ್ಲಿ ಕೂತಳು. ಎದೆಯಲ್ಲಿ ಏನೋ ಉರಿ, ಕಣ್ಣು ಕತ್ತಲೆ ಬರುತ್ತದೆ ಎಂದಳು. "ನೀನು ಹೋಗು ಅಕ್ಕಾ. ಸ್ವಲ್ಪ ಕೂತ್ರೆ ಸರಿಯಾಗ್ತದೆ. ಸರಿಯಾದ್ರೆ ಸೊಪ್ಪು ಇಟ್ಟು ನಾನೇ ಮನೆಗೆ ಹೋಗ್ತೇನೆ. ಇಲ್ಲದಿದ್ರೆ ಇಲ್ಲೇ ಇರ್ತೇನೆ, ಬರುವಾಗ ಕರ್ಕೊಂಡು ಹೋಗು." ಅಮ್ಮಣ್ಣಿ ಅವಳ ಮೀನನ್ನೂ ಹೊತ್ತು ನಡೆದಳು. ಆಚೆ ಬೈಲಿನ ಒಂದು ಮನೆಯಲ್ಲಿ ಎಲ್ಲವೂ ಖರ್ಚಾಯಿತು. ಮತ್ತೆ ಅವಳು ಕಟ್ಟೆಗೆ ಬರಲಿಲ್ಲ. ಬಸ್ಸು ಹತ್ತಿದಳು. ತುಂಬಿದ ಬುಟ್ಟಿಯನ್ನು ಬಸ್ಸಿನವರು ಹತ್ತಲು ಬಿಡುತ್ತಿರಲಿಲ್ಲ; ಖಾಲಿ ಬುಟ್ಟಿಯಾದರೆ ಒಮ್ಮೊಮ್ಮೆ ಮಾಡಿನ ಮೇಲೆ ಎಸೆದುಕೊಳ್ಳುತ್ತಿದ್ದರು. ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಎರಡು ಬುಟ್ಟಿಯ ಭಾರ ಹೊತ್ತ ಕುತ್ತಿಗೆಗೆ ಗಾಳಿ ಬಡಿಯಿತು. ಅಪ್ಪಿ ಮನೆಗೆ ಹೋಗಿರುತ್ತಾಳೆ ಎಂದುಕೊಂಡಳು. ಕಾಪು ಬರುವವರೆಗೆ ನಿದ್ದೆ ಮಾಡಿದಳು.

ಮನೆಯಲ್ಲಿ ಅಪ್ಪಿ ಇರಲಿಲ್ಲ. "ಅವಳೆಲ್ಲಿ?" ಎಂದು ಕಿಟ್ಟ ಕೇಳಿದಾಗ ಬಾಯಿಗೆ ಬಂದದ್ದು ಇದು: "ಕಟ್ಟೆಯಲ್ಲಿ ಸೊಪ್ಪು ಇತ್ತು. ಬಂದಿರಬೇಕು ಅಂತ ನಾನೂ ಬಂದೆ."

ಅಷ್ಟೇ. ಎರಡು ಸಾಲು. ಕಿಟ್ಟ ನಾಲ್ಕು ಜನರನ್ನು ಕರೆದುಕೊಂಡು ಗುಡ್ಡೆ ಹತ್ತಿದ; ಕತ್ತಲಾಗಿತ್ತು, ಚಪ್ಪಡಿಯ ಮೇಲೆ ಯಾರೂ ನೋಡಲಿಲ್ಲ. ಕಟ್ಟೆಯ ಹಿಂದೆ, ಕೆಳಗೆ ಒರತೆಯ ದಾರಿಯಲ್ಲಿ ಪೊದೆಯೊಳಗೆ ಅಪ್ಪಿ ಬಿದ್ದಿದ್ದಳು. ನೀರಿಗೆ ಇಳಿದಿರಬೇಕು. ಹೊತ್ತು ತಂದು ಅಂಗಳದಲ್ಲಿ ಇಳಿಸಿದಾಗ ಕಿಟ್ಟ ಯಾರಿಗೂ ಅಲ್ಲದೆ ಹೇಳಿದ: "ಮೈ ಇನ್ನೂ ಬಿಸಿ ಇತ್ತು."

ಆಮೇಲೆ ಎಲ್ಲರೂ ಕೇಳಿದ್ದು ಒಂದೇ: ಅಪ್ಪಿ ಗುಡ್ಡೆಯಿಂದ ಇಳಿದೇ ಇಲ್ಲ, ಹಾಗಾದರೆ ಆ ಸೊಪ್ಪು ಇಟ್ಟವರು ಯಾರು? ಆ ದಿನ ಆ ದಾರಿಯಲ್ಲಿ ಹೋದವಳು ಇನ್ನೊಬ್ಬಳು ಮಾತ್ರ, ಗುಲಾಬಿ. ನಾನು ಒರತೆಯ ಕಡೆ ನೋಡಲಿಲ್ಲ, ಕಟ್ಟೆಯಲ್ಲಿ ನಿಲ್ಲಲೂ ಇಲ್ಲ, ಸೊಪ್ಪು ಇಡಲಿಲ್ಲ ಎಂದು ಅವಳು ಎಲ್ಲರ ಮನೆಗೂ ಹೋಗಿ ಹೇಳಿದಳು. ಯಾರು ನಂಬುತ್ತಾರೆ? ಅವಳ ಜೊತೆ ನಡೆಯುವವರು ಇಲ್ಲವಾದರು. ಕೊನೆಗೆ ಅವಳು ಬುಟ್ಟಿ ಬಿಟ್ಟು ಮಲ್ಪೆಗೆ ಸೀಗಡಿ ಸುಲಿಯುವ ಕೆಲಸಕ್ಕೆ ಹೋದಳು. ಅಮ್ಮಣ್ಣಿ ಅವಳನ್ನು ಒಂದು ದಿನವೂ ದೂರಿದವಳಲ್ಲ. ಊರವರು ಅದನ್ನೂ ಅಮ್ಮಣ್ಣಿಯ ದೊಡ್ಡ ಗುಣ ಎಂದರು.

"ಇದೇನಾ?" ಶರ್ಮಿಳಾ ಚಪ್ಪಡಿಯ ಮೇಲೆ ಅಂಗೈ ಇಟ್ಟಳು. ತುಂಬ ಹೊತ್ತು ತೆಗೆಯಲಿಲ್ಲ. "ಅಮ್ಮ ಸಿಕ್ಕಿದ್ದು ಎಲ್ಲಿ?"

ಅಮ್ಮಣ್ಣಿ ಗಲ್ಲ ಎತ್ತಿ ಕಟ್ಟೆಯ ಹಿಂದಿನ ಪೊದೆಯ ಕಡೆ ತೋರಿಸಿದಳು. ತಾನು ಆ ಕಡೆ ಹೆಜ್ಜೆ ಇಡಲಿಲ್ಲ. ಆ ದಿನದ ನಂತರ ಅವಳು ಈ ದಾರಿಯನ್ನೇ ಬಿಟ್ಟಿದ್ದಳು; ಪಡುಬಿದ್ರಿ ಕಡೆಯ ಮನೆಗಳನ್ನು ಹಿಡಿದಿದ್ದಳು. ಶರ್ಮಿಳಾ ಹೋಗಿ ಪೊದೆ ಸರಿಸಿ ನೋಡಿ ಬಂದಳು. ಅವಳ ಬೂಟಿಗೆ ಕೆಂಪು ಕೆಸರು ಮೆತ್ತಿತ್ತು.

"ಒರತೆ ಈಗಲೂ ಉಂಟು," ಅಂದಳು. ಆಮೇಲೆ ಮೊಬೈಲು ತೆಗೆದಳು. "ಮಾಮಿ, ಸೊಪ್ಪು ಇಡುವುದು ಹೇಗೆ ಅಂತ ಒಮ್ಮೆ ತೋರಿಸಿ. ವಿಡಿಯೋ ಮಾಡ್ತೇನೆ. ನಮ್ಮವರಿಗೆ ಹೇಳ್ಲಿಕ್ಕೆ ಬೇಕು."

"ಅದೆಂತ ನೋಡ್ಲಿಕ್ಕೆ ಉಂಟು? ಸೊಪ್ಪು ಇಡುವುದು, ಕಲ್ಲು ಇಡುವುದು."

"ಅದನ್ನೇ ತೋರಿಸಿ."

ಕುಂಟಾಲದ ಗಿಡ ಅಲ್ಲೇ ಇತ್ತು. ಮರವಾಗಿ ಬೆಳೆದಿತ್ತು. ಅಮ್ಮಣ್ಣಿ ಒಂದು ಗೆಲ್ಲಿಗೆ ಕೈ ಹಾಕಿದಳು. ಅದು ಸುಲಭಕ್ಕೆ ಮುರಿಯಲಿಲ್ಲ, ನಾರು ಎಳೆಯಿತು. ಎರಡು ಸಲ ತಿರುಚಿದ ಮೇಲೆ ಬಂತು. ಚಪ್ಪಡಿಯ ಮೇಲಿಟ್ಟಳು. ಕಲ್ಲಿಗಾಗಿ ನೆಲದಲ್ಲಿ ಹುಡುಕಿದಳು.

"ತುದಿ ಯಾವ ಕಡೆಗೆ ಮಾಮಿ?"

"ಪಡುವಣಕ್ಕೆ. ಮನೆಯ ಕಡೆಗೆ."

"ಆ ದಿನ ನೀವು ನೋಡುವಾಗ ಹೀಗೇ ಇತ್ತಾ?"

ಮೊಬೈಲಿನ ಕಣ್ಣು ಅಮ್ಮಣ್ಣಿಯ ಕೈಯ ಮೇಲೆಯೇ ಇತ್ತು. "ಹೂಂ," ಅಂದಳು. ಶರ್ಮಿಳಾ ಮೊಬೈಲು ಕೆಳಗಿಳಿಸಿದ ಕೂಡಲೇ ಕಲ್ಲು ತೆಗೆದು ಬಿಸಾಡಿ, ಗೆಲ್ಲನ್ನೂ ಎತ್ತಿ ಹುಲ್ಲಿನ ನಡುವೆ ಎಸೆದಳು.

"ಯಾಕೆ ತೆಗೆದ್ರಿ? ಇರ್ಲಿ ಬಿಡಿ."

"ಸುಮ್ಮನೆ ಇಡಬಾರದು ಅದನ್ನು. ನೋಡಿದವರು ನಂಬಿ ಹೋಗ್ತಾರೆ."

ಇಬ್ಬರೂ ಆಚೆಯ ಇಳಿಜಾರು ಇಳಿದರು. ಆಚೆ ಬೈಲಿನ ಗದ್ದೆಗಳು ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದವು. ಹೊಳೆಗೆ ಹಿಂದೆ ಅಡಕೆಮರದ ಸಂಕವಿದ್ದಲ್ಲಿ ಈಗ ಸಿಮೆಂಟಿನ ಕಿಂಡಿ ಅಣೆಕಟ್ಟು. ಅದನ್ನು ದಾಟಿ, ರಬ್ಬರ್ ತೋಟದ ಬದಿಯಿಂದ ಏರಿದರೆ ಡಾಂಬರು ರಸ್ತೆ. ಶಿರ್ವದ ಕಡೆಯಿಂದ ಬರುವ ಬಸ್ಸು ಅಲ್ಲೇ ನಿಲ್ಲುತ್ತದೆ. ಸೀದಾ ಹೋಗಿ ಬಸ್ಸು ಹತ್ತಿಬಿಟ್ಟರೆ ಈ ದಿನ ಮುಗಿಯಿತು ಎಂದು ಅಮ್ಮಣ್ಣಿ ಲೆಕ್ಕ ಹಾಕಿದ್ದಳು. ಆದರೆ ಶರ್ಮಿಳಾ ಬೇಲಿಯ ತಡಮೆ ದಾಟಿ ಒಂದು ಮನೆಯ ಅಂಗಳಕ್ಕೆ ಇಳಿದಳು.

"ಇಲ್ಲಿಗೆ ಯಾಕೆ?"

"ನಮ್ಮವರು ಬಂದ ದಿನ ಇಪ್ಪತ್ತು ಚಾ ಮಾಡಿ ಕೊಡ್ಲಿಕ್ಕೆ ಆಗ್ತದಾ ಅಂತ ಕೇಳ್ಬೇಕು. ಫೋನಿನಲ್ಲಿ ಮಾತಾಡಿದ್ದೇನೆ. ನೀವು ಮೀನು ಕೊಡ್ತಿದ್ದ ಮನೆಯಂತೆ ಇದು, ಮಾಮಿ! ಇಲ್ಲಿಯ ಅಜ್ಜಿಗೆ ನಿಮ್ಮ ಹೆಸರು ಹೇಳಿದ್ದೇ ತಡ, ಕುಣಿದಾಡಿದ್ರಂತೆ."

"ಬಾಯಮ್ಮ ಇನ್ನೂ ಇದ್ದಾರಾ?" ಅಮ್ಮಣ್ಣಿಯ ಕಾಲು ತಡಮೆಯ ಮೇಲೆಯೇ ನಿಂತಿತು.

ಇದ್ದರು. ಮ್ಯಾಗ್ಡಲಿನ್ ಬಾಯಿಗೆ ಎಂಬತ್ತಾರು. ಮೈ ಸೊರಗಿ ಒಣಮೀನಿನಷ್ಟಾಗಿತ್ತು. ಗಂಟಲು ಮಾತ್ರ ಹಳೆಯದೇ. ಜಗಲಿಯ ಕುರ್ಚಿಯಿಂದಲೇ ಕೂಗಿದರು: "ಬಾ ಬಾ ಅಮ್ಮಣ್ಣಿ! ಮೂವತ್ತು ವರ್ಷ ಆಯ್ತು, ಮೀನು ಬೇಕಾ ಅಂತ ಕೇಳ್ಲಿಕ್ಕೆ ಈಗ ಬರುವುದಾ? ಬುಟ್ಟಿ ಎಲ್ಲಿ? ಇದು ಮಗಳಾ? ಬೂಟು ಹಾಕಿ ಮೀನು ಮಾರ್ತಾಳಾ?"

ಸೊಸೆ ರೇಚಲ್ ಚಾ ತಂದಳು, ಹಲಸಿನ ಹಪ್ಪಳ ಕರಿದು ತಂದಳು. ಮ್ಯಾಗ್ಡಲಿನ್ ಬಾಯಿ ಅಮ್ಮಣ್ಣಿಯ ಕೈ ಹಿಡಿದುಕೊಂಡು ಬಿಡಲಿಲ್ಲ. ಈಗ ಸ್ಕೂಟರಿನವನು ಬರುತ್ತಾನಂತೆ, ಪೀಂ ಪೀಂ ಮಾಡುತ್ತಾನಂತೆ, ಐಸಿನಲ್ಲಿ ಎಂಟು ದಿನ ಮಲಗಿದ ಮೀನು ಕೊಟ್ಟು ಓಡುತ್ತಾನಂತೆ. ಒಂದು ಕಷ್ಟ ಸುಖ ಕೇಳುವುದುಂಟಾ? ಗಂಡ ಇಮ್ಯಾನುಯೆಲ್ ಸತ್ತು ಹನ್ನೆರಡು ವರ್ಷವಾಯಿತಂತೆ. ಸಾಯುವವರೆಗೂ ಅಮ್ಮಣ್ಣಿಯ ಅಂಜಲ್ ಮೀನಿನ ಮಾತು ಆಡುತ್ತಿದ್ದರಂತೆ.

"ಯಾವ ಅಂಜಲ್?" ಶರ್ಮಿಳಾ ಕೇಳಿದಳು.

"ಇವಳ ನಿಶ್ಚಿತಾರ್ಥದ್ದು!" ಮ್ಯಾಗ್ಡಲಿನ್ ಬಾಯಿ ರೇಚಲಳ ಕಡೆ ಬೆರಳು ತೋರಿಸಿದರು. "ನಮ್ಮ ಅಲೋಶಿಯಸ್‌ನದ್ದು. ಎರಡು ಬುಟ್ಟಿ ಅಂಜಲ್ ಹೇಳಿದ್ದೆ. ಎರಡೂ ಬುಟ್ಟಿಯದ್ದು ಇವಳೊಬ್ಬಳೇ ಹೊತ್ತು ತಂದಳು, ಪಾಪ. ಜೊತೆಯವಳು ಗುಡ್ಡೆಯಲ್ಲಿ ಕೂತಿದ್ದಾಳೆ, ಹೋಗ್ಬೇಕು ಹೋಗ್ಬೇಕು ಅಂತ ಹೇಳಿದಳು. ನಾನು ಬಿಡ್ಲಿಲ್ಲ. ಮೀನು ಕೊಯ್ಲಿಕ್ಕೆ ಜನ ಇರ್ಲಿಲ್ಲ, ಕೂರಿಸಿ ಕೊಯ್ಸಿದೆ. ಊಟ ಮಾಡಿ ಹೋಗು ಅಂತ ಊಟಕ್ಕೂ ಕೂರಿಸಿದೆ. ಮೂರು ಗಂಟೆಗೆ ಕಾಲು ಎತ್ತಿ ಇಡ್ಲಿಕ್ಕೆ ಆಗ್ಲಿಲ್ಲ ಇವಳಿಗೆ. ನಾನೇ ರಸ್ತೆಗೆ ಹೋಗಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ್ದು. ಕಂಡಕ್ಟರ್ ಬುಟ್ಟಿ ನೋಡಿ ಮೂತಿ ತಿರುಗಿಸಿದ, ನಾನು ಬೈದೆ ನೋಡು..."

"ಅದು ಬೇರೆ ಯಾವುದೋ ದಿನ ಇರ್ಬೇಕು ಬಾಯಮ್ಮ," ಶರ್ಮಿಳಾ ಮೆಲ್ಲನೆ ಹೇಳಿದಳು. "ಗುಡ್ಡೆಯಲ್ಲಿ ಕೂತಿದ್ದವರು ನನ್ನ ಅಮ್ಮ. ಆ ದಿನ ಮಾಮಿ ನಡೆದೇ ಬಂದದ್ದು. ಕಟ್ಟೆಯಲ್ಲಿ ಸೊಪ್ಪು ನೋಡಿದ್ದಾರಲ್ಲ."

"ಇಲ್ಲ ಮಗಾ. ಬಸ್ಸಿಗೆ ಹತ್ತಿಸಿದ್ದು ನಾನೇ. ಮರುದಿನ ಇಮ್ಯಾನುಯೆಲ್ ಶಿರ್ವದಿಂದ ಸುದ್ದಿ ತಂದ್ರು, ಗುಡ್ಡೆಯಲ್ಲಿ ಕೂತವಳು ತೀರಿಹೋದಳು ಅಂತ. ನಾನು ನಿಶ್ಚಿತಾರ್ಥದ ಊಟದ ಪಾತ್ರೆ ತೊಳೀತಾ ಇದ್ದೆ."

"ಮಮ್ಮಿ," ರೇಚಲ್ ಚಾದ ಲೋಟ ಎತ್ತುತ್ತ ಅಂದಳು. "ಬಿಡಿ ಈಗ. ಅವರ ಮನೆಯ ವಿಷಯ ಅವರಿಗೆ ಗೊತ್ತಿಲ್ವಾ?" ಮತ್ತೆ ಶರ್ಮಿಳಾಳ ಕಡೆಗೆ ತಿರುಗಿ, ಮುದುಕಿಗೆ ಕೇಳಿಸುವ ಹಾಗೆಯೇ ಹೇಳಿದಳು: "ಈಗ ಇವರಿಗೆ ಎಲ್ಲ ಕಲಸಿ ಹೋಗ್ತದೆ. ಮೊನ್ನೆ ಗ್ಯಾಸ್ ಹಚ್ಚಿ ಬಿಟ್ಟು ತೋಟಕ್ಕೆ ಹೋಗಿದ್ರು. ಬೇಜಾರು ಮಾಡ್ಬೇಡಿ."

ಮುದುಕಿಯ ಬಾಯಿ ಅರ್ಧ ತೆರೆದು ಹಾಗೆಯೇ ನಿಂತಿತು. ಅವರು ಸೊಸೆಯನ್ನು ನೋಡಿದರು, ಶರ್ಮಿಳಾಳನ್ನು ನೋಡಿದರು. "ಹೌದಾ?" ಅಂದರು. ಗಂಟಲು ಇಳಿದಿತ್ತು. "ಹಾಗಾದ್ರೆ ನನಗೇ ಮರೆತದ್ದಾ? ಬಸ್ಸು... ಕಂಡಕ್ಟರಿಗೆ ಬೈದದ್ದು..." ಕೊನೆಗೆ ಅವರು ಅಮ್ಮಣ್ಣಿಯನ್ನು ನೋಡಿದರು.

ಆ ನೋಟ ಅಮ್ಮಣ್ಣಿಗೆ ಪರಿಚಯದ್ದೇ. ಮರಳು ಬಿದ್ದ ಬುಟ್ಟಿಯ ಮೇಲಿನಿಂದ, ನಾಲ್ಕು ಬುಟ್ಟಿ ಆಚೆಯಿಂದ ಬಂದದ್ದು ಇದೇ ನೋಟ. ನೀನು ಒಂದು ಮಾತು ಹೇಳಿದರೆ ಸಾಕು ಎನ್ನುವ ನೋಟ. ಇನ್ನೂ ಹೇಳದಿದ್ದರೂ ನಡೆಯುತ್ತಿತ್ತು. ಚಾ ಕುಡಿದಾಗಿತ್ತು. ಒಂಬತ್ತು ಐವತ್ತರ ಬಸ್ಸಿಗೆ ಹತ್ತು ನಿಮಿಷ ಇತ್ತು. ಅವಳ ಕೈ ಇನ್ನೂ ಆ ಒಣಗಿದ ಕೈಯೊಳಗೇ ಇತ್ತು.

"ಬಾಯಮ್ಮನಿಗೆ ಮರೆವಿಲ್ಲ," ಅಮ್ಮಣ್ಣಿ ಹೇಳಿದಳು. "ನಾನು ಬಸ್ಸಿಗೇ ಹೋದದ್ದು."

ರೇಚಲ್ ಲೋಟಗಳನ್ನು ಹಿಡಿದು ನಿಂತಲ್ಲೇ ನಿಂತಳು. ಮ್ಯಾಗ್ಡಲಿನ್ ಬಾಯಿ ಸೊಸೆಯ ಕಡೆ ನೋಡಿ, "ನೋಡಿದೆಯಾ? ನೋಡಿದೆಯಾ?" ಎಂದು ಎರಡು ಸಲ ಅಂದರು, ಗೆದ್ದ ಸಂತೋಷ ಮುಖಕ್ಕೆ ಬರುವ ಮೊದಲೇ ಏನೋ ಹೊಳೆದು ಅಮ್ಮಣ್ಣಿಯ ಕೈ ಬಿಟ್ಟರು.

ಶರ್ಮಿಳಾ ಬಗ್ಗಿ ಬೂಟಿನ ಲೇಸು ಬಿಚ್ಚಿದಳು, ಮತ್ತೆ ಕಟ್ಟಿದಳು. ಇನ್ನೊಂದು ಕಾಲಿನದ್ದನ್ನೂ ಹಾಗೆಯೇ ಮಾಡಿದಳು. ಚಾದ ಮಾತು ಮುಗಿಸಿ, ರೇಚಲಿಗೆ ಕೈಮುಗಿದು, ಅಂಗಳ ದಾಟಿ ತಡಮೆಯವರೆಗೆ ಹೋದಳು. ಅಮ್ಮಣ್ಣಿ ಹಿಂದಿನಿಂದ ಹೋದಳು. ಎಡಕ್ಕೆ ಹೋದರೆ ರಸ್ತೆ, ಬಸ್ಸು. ಬಲಕ್ಕೆ ಬಂದ ದಾರಿ.

"ಹಾಗಾದ್ರೆ ಸೊಪ್ಪು?"

"ಇರ್ಲಿಲ್ಲ ಮಗಾ. ಇತ್ತೋ ಇಲ್ಲವೋ... ನಾನು ನೋಡ್ಲೇ ಇ‌ಲ್ಲ."

"ಆಗ ಕಟ್ಟೆಯಲ್ಲಿ ಕೇಳಿದೆನಲ್ಲ ನಾನು. ಹೀಗೇ ಇತ್ತಾ ಅಂತ. ಹೂಂ ಅಂದ್ರಿ."

"ಅಂದೆ."

"ಮಾಮನಿಗೆ ಗೊತ್ತಿತ್ತಾ?"

"ಅವರು ಕೇಳ್ಲಿಲ್ಲ. ನಾನು ಹೇಳ್ಲಿಲ್ಲ."

ರಬ್ಬರ್ ತೋಟದಲ್ಲಿ ಯಾವುದೋ ಹಕ್ಕಿ ಒಂದೇ ಸಮನೆ ಕೂಗುತ್ತಿತ್ತು. ಶರ್ಮಿಳಾ ಅಳಲಿಲ್ಲ. ಅತ್ತಿದ್ದರೆ ಅಮ್ಮಣ್ಣಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಸೆರಗಿತ್ತು, ಮೂವತ್ತೆರಡು ವರ್ಷದ ಅಭ್ಯಾಸವಿತ್ತು.

"ನಾನು ಮರಳು ಹಾಕಿದ ದಿನ ನೀವು ಅಲ್ಲೇ ಇದ್ರಿ ಅಲ್ವಾ?"

ಅಮ್ಮಣ್ಣಿ ತಲೆ ಆಡಿಸಿದಳು.

"ನನ್ನ ಕೈ ಹಿಡಿಯಬಹುದಿತ್ತು."

"ಹೂಂ."

"ಕಾವ್ಯನಿಗೆ ಎಂತ ಹೇಳುವುದು ನಾನು?"

ದೂರದಲ್ಲಿ ಬಸ್ಸಿನ ಹಾರ್ನು ಕೇಳಿಸಿತು.

"ನೀವು ಬಸ್ಸಿಗೆ ಬನ್ನಿ, ಮಾಮಿ," ಶರ್ಮಿಳಾ ಹೇಳಿದಳು. ಸಿಟ್ಟಿನಿಂದ ಹೇಳಿದ್ದಲ್ಲ, ಅದೇ ಹೆಚ್ಚು ಚುಚ್ಚಿತು. "ನಾನು ನಡೆದು ಹೋಗ್ತೇನೆ."

"ನಾನೂ ನಡೆದೇ ಬರ್ತೇನೆ."

"ನಿಮ್ಮಿಂದ ಆಗುವುದಿಲ್ಲ. ನಿಮಗಾಗಿ ನಿಲ್ಲಲಿಕ್ಕೆ ಈಗ ನನ್ನಿಂದಲೂ ಆಗುವುದಿಲ್ಲ."

"ನಿಲ್ಲಬೇಡ. ನೀನು ಮುಂದೆ ಹೋಗು."

ಶರ್ಮಿಳಾ ಹೋದಳು. ಕಿಂಡಿ ಅಣೆಕಟ್ಟಿನ ಮೇಲೆ ಅವಳ ನೀಲಿ ಅಂಗಿ ಕಂಡಿತು, ಗದ್ದೆಯ ಹುಣಿಯಲ್ಲಿ ಕಂಡಿತು, ಗುಡ್ಡೆಯ ಬುಡದ ಗೇರುಮರಗಳ ನಡುವೆ ಒಮ್ಮೆ ಕಂಡು ಮರೆಯಾಯಿತು. ಹಿಂದೆ ರಸ್ತೆಯಲ್ಲಿ ಬಸ್ಸು ಬಂದು, ನಿಂತು, ಯಾರೂ ಹತ್ತದೆ ಹೋಯಿತು.

ಅಮ್ಮಣ್ಣಿ ನಡೆದಳು. ಈಗ ಮೊಣಗಂಟು ನಿಜಕ್ಕೂ ನೋಯುತ್ತಿತ್ತು. ಏರಿನಲ್ಲಿ ಎರಡು ಕಡೆ ಕೂತಳು, ಒಂದು ಕಡೆ ಹುಲ್ಲು ಹಿಡಿದು ಎದ್ದಳು. ತಲೆಯ ಮೇಲೆ ಏನೂ ಇಲ್ಲದೆ ನಡೆಯುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ನೆತ್ತಿ ತಲುಪುವಾಗ ಹೊತ್ತೆಷ್ಟಾಯಿತೋ. ಮೋಡದ ದಿನಕ್ಕೆ ಬೆಳಗೂ ಮಧ್ಯಾಹ್ನವೂ ಒಂದೇ ಬಣ್ಣ.

ಕಟ್ಟೆಯ ಹತ್ತಿರ ಯಾರೂ ಇರಲಿಲ್ಲ. ಚಪ್ಪಡಿಯ ಮೇಲೆ ಕುಂಟಾಲದ ಒಂದು ಗೆಲ್ಲು ಇತ್ತು. ಹೊಸದು. ಮುರಿದಲ್ಲಿ ಹಸಿ ಇನ್ನೂ ಆರಿರಲಿಲ್ಲ, ನಾರು ಎದ್ದಿತ್ತು. ತುದಿ ಪಡುವಣಕ್ಕೆ. ಮೇಲೆ ಮುಷ್ಟಿ ಗಾತ್ರದ ಕೆಂಪುಕಲ್ಲು.

ಅಮ್ಮಣ್ಣಿ ಅದನ್ನು ಮುಟ್ಟಲಿಲ್ಲ. ಚಪ್ಪಡಿಗೆ ಕೈ ಕೊಟ್ಟು ನಿಂತು ಉಸಿರು ಹಿಡಿದುಕೊಂಡಳು. ಪಡುವಣದ ಇಳಿಜಾರು ಬರಿದಾಗಿತ್ತು. ಆಮೇಲೆ ಸೀರೆಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಕಟ್ಟೆಯ ಹಿಂದಕ್ಕೆ ಸುತ್ತಿ ಹೋಗಿ, ಎರಡು ಕೈಯಿಂದಲೂ ಪೊದೆ ಸರಿಸಿ ಒರತೆಯ ಕಡೆ ಬಗ್ಗಿ ನೋಡಿದಳು. ಯಾರೂ ಇರಲಿಲ್ಲ. ಅವಳು ಇನ್ನೂ ಎರಡು ಹೆಜ್ಜೆ ಕೆಳಗಿಳಿದು ನೋಡಿದಳು.